ದಸರೆಯಿಂದ ಸಂಕ್ರಾಂತಿವರೆಗೆ ಬಣ್ಣ ಬಿಡುವ ಕುಂಡಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಜನವರಿಯಲ್ಲಿ ನಮ್ಮ ಬೀದಿ ತುದಿಗೆ ಹೋದರೆ ಒಂದು ನೋಟ ತಪ್ಪದೆ ಸಿಗುತ್ತದೆ. ಕಸದ ಗಾಡಿಗೆ ಅಂತ ಇಟ್ಟ ಮೂಟೆಗಳ ಪಕ್ಕದಲ್ಲಿ ಸೇವಂತಿಗೆ ಗಿಡಗಳು, ಪ್ಲಾಸ್ಟಿಕ್ ಕುಂಡದ ಸಮೇತ. ಮೇಲೆ ಹೂವೆಲ್ಲ ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಬುಡ ಸರಿಸಿ ನೋಡಿದರೆ ಬೆರಳುದ್ದದ ಹಸಿರು ಮರಿಗಳು ನಾಲ್ಕೈದು ಇರುತ್ತವೆ. ನನ್ನ ತಾರಸಿಯ ಸೇವಂತಿಗೆಗಳಲ್ಲಿ ಅರ್ಧದಷ್ಟು ಹೀಗೆ ಕಸದ ಪಕ್ಕದಿಂದ ಎತ್ತಿಕೊಂಡು ಬಂದವೇ. ನಾಚಿಕೆ ಏನಿಲ್ಲ.

ಅದನ್ನು ನೋಡಿದ ಅಕ್ಕಪಕ್ಕದವರು, ನೆಂಟರು ಪ್ರತಿ ವರ್ಷ ಆಯುಧಪೂಜೆ ಹತ್ತಿರ ಬಂದಾಗ ಒಂದೇ ಥರದ ಪ್ರಶ್ನೆಗಳನ್ನು ಕೇಳುತ್ತಾರೆ. ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ನನ್ನ ಅನುಭವ ಬೆಂಗಳೂರಿನ ತಾರಸಿಯದು. ಬೇರೆ ಊರಿನವರಿಗೆ ಕೊನೆಯಲ್ಲಿ ಎರಡು ಮಾತಿದೆ.

ಶರತ್ಕಾಲ ಅಂದರೆ ಮರದ ಎಲೆ ಕೆಂಪಾಗಿ ಉದುರುವುದು ಅಲ್ವಾ? ನಮ್ಮಲ್ಲಿ ಅದೆಲ್ಲಿದೆ?

ಅದು ಚಳಿ ದೇಶದ ಶರತ್ಕಾಲ. ನಮ್ಮ ಪಂಚಾಂಗದಲ್ಲಿ ಆಶ್ವಯುಜ, ಕಾರ್ತಿಕ ಮಾಸಗಳೇ ಶರದೃತು. ನವರಾತ್ರಿ, ದೀಪಾವಳಿ ಎರಡೂ ಅದರೊಳಗೇ ಬರುತ್ತವೆ. ನಮ್ಮಲ್ಲಿ ಈ ಕಾಲದಲ್ಲಿ ಎಲೆ ಉದುರುವುದಿಲ್ಲ, ಮಳೆ ಉದುರುತ್ತದೆ. ಬೆಂಗಳೂರಿಗೆ ವರ್ಷದಲ್ಲಿ ಜಾಸ್ತಿ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ. ಹಸ್ತ, ಚಿತ್ತಾ, ಸ್ವಾತಿ ಅಂತ ಒಂದಾದ ಮೇಲೊಂದು ಮಳೆ ಸುರಿದು, ನವೆಂಬರ್ ನಡುವಿಗೆ ಆಕಾಶ ತಿಳಿಯಾಗಿ ಚಳಿ ಶುರುವಾಗುತ್ತದೆ.

ಕುಂಡದಲ್ಲಿ ಗಿಡ ಇಡುವವರಿಗೆ ಇದು ಮುಖ್ಯ. ನಿಮ್ಮ ಗಿಡ ಮೊದಲ ಅರ್ಧ ಬೇರು ತೊಯ್ಯುವಷ್ಟು ನೀರು ತಡೆಯಬೇಕು, ಇನ್ನರ್ಧ ಒಣ ಗಾಳಿ ತಡೆಯಬೇಕು. ಎರಡನ್ನೂ ತಡೆಯುವ ಗಿಡ, ಎರಡಕ್ಕೂ ಒಗ್ಗುವ ಮಣ್ಣು, ಇಷ್ಟಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಬಹುವಾರ್ಷಿಕ ಗಿಡ ಅಂದರೆ ಯಾವುದು? ಚೆಂಡು ಹೂ ಹಾಕಿದರೆ ಸಾಲದಾ?

ಒಂದು ಸಲ ನೆಟ್ಟರೆ ವರ್ಷಗಟ್ಟಲೆ ಉಳಿಯುವುದು ಬಹುವಾರ್ಷಿಕ. ಚೆಂಡು ಹೂ, ಜೀನಿಯಾ, ಕೋಲಾರದ ಕಡೆ ಹೊಲಗಟ್ಟಲೆ ಬೆಳೆಯುವ ಚೈನಾ ಆಸ್ಟರ್ ಇವೆಲ್ಲ ಒಂದು ಸಲ ಹೂ ಬಿಟ್ಟು ಬೀಜ ಕಟ್ಟಿ ಹೋಗುವಂಥವು. ಅವು ಬೇಡ ಅಂತಲ್ಲ. ಹಬ್ಬಕ್ಕೆ ಚೆಂಡು ಹೂವಿಲ್ಲದೆ ಆಗುತ್ತದೆಯೇ? ಆದರೆ ಕುಂಡ ತುಂಬಾ ಅವನ್ನೇ ಹಾಕಿದರೆ ಡಿಸೆಂಬರ್‌ನಲ್ಲಿ ಬರೀ ಮಣ್ಣು ನೋಡುತ್ತಾ ಕೂರಬೇಕು.

ಹಾಗಾದರೆ ಯಾವ ಯಾವ ಗಿಡ?

ಮೊದಲನೆಯದು ಸೇವಂತಿಗೆ. ಹಳದಿ, ಬಿಳಿ, ಇಟ್ಟಿಗೆ ಕೆಂಪು, ನೇರಳೆ, ಯಾವ ಬಣ್ಣ ಬೇಕಾದರೂ ಇದೆ. ಮಾಲೆಗೆ ಬರುವ ಚಿಕ್ಕ ಹೂವಿನ ಜಾತಿಗಳು ಕುಂಡದಲ್ಲಿ ಸುಲಭ. ದೊಡ್ಡ ತಲೆಯ ಒಂಟಿ ಹೂವಿನವು ನೋಡಲು ಚೆಂದ, ಆದರೆ ಊರುಗೋಲು ಕಟ್ಟಬೇಕು, ಮಳೆ ಬಂದರೆ ಹೂವೇ ನೀರು ಕುಡಿದು ಜೋತು ಬೀಳುತ್ತದೆ.

ಎರಡನೆಯದು ಸ್ಫಟಿಕದ ಹೂ. ಡಿಸೆಂಬರ್ ಹೂ ಅಂತಲೂ ಕರೆಯುತ್ತಾರೆ. ನರ್ಸರಿಯಲ್ಲಿ ಯಾರೂ ಇದನ್ನು ಮುಂದೆ ಇಡುವುದಿಲ್ಲ, ಹಳೇ ಮನೆಗಳ ಕಾಂಪೌಂಡ್ ಪಕ್ಕ ತಾನಾಗಿ ಬೆಳೆದಿರುತ್ತದೆ. ನೇರಳೆ, ಬಿಳಿ, ಗುಲಾಬಿ, ಕೆಲವದರಲ್ಲಿ ನೇರಳೆ-ಬಿಳಿ ಗೀಟು. ಯಾವ ಆರೈಕೆಯೂ ಬೇಡ. ಮಳೆ ನಿಲ್ಲುವ ಹೊತ್ತಿಗೆ ಮೈತುಂಬಾ ಹೂ. ಒಂದು ಕಡ್ಡಿ ಕೇಳಿ ತಂದು ನೆಟ್ಟರೆ ಬದುಕುತ್ತದೆ. ನನ್ನನ್ನು ಕೇಳಿದರೆ ದುಡ್ಡು ಕೊಟ್ಟು ತರುವ ಎಷ್ಟೋ ಗಿಡಕ್ಕಿಂತ ಇದು ಮೇಲು.

ಮೂರನೆಯದು ಕನಕಾಂಬರ. ಆ ಕಿತ್ತಳೆ ಬಣ್ಣಕ್ಕೆ ಬದಲಿ ಇಲ್ಲ. ಬೀಜದ ಜಾತಿ ಇಟ್ಟುಕೊಂಡರೆ ಮನೆ ಮಕ್ಕಳಿಗೆ ಒಂದು ಆಟವೂ ಸಿಗುತ್ತದೆ: ಒಣಗಿದ ತೆನೆ ಮೇಲೆ ನೀರು ಚಿಮುಕಿಸಿ ಸ್ವಲ್ಪ ಕಾದರೆ ಕಾಯಿ ಚಟ್ ಅಂತ ಸಿಡಿದು ಬೀಜ ಹಾರುತ್ತದೆ. ಡೆಲ್ಲಿ ಕನಕಾಂಬರ ಅಂತ ಮಾರುವ ದಟ್ಟ ಬಣ್ಣದ ಜಾತಿಯಲ್ಲಿ ಮಾತ್ರ ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಮಾಡಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಿಟ್ಟ ಅರ್ಕಾ ಅಂಬರದಂಥ ತಳಿಗಳೂ ಇವೆ.

ಇನ್ನು ಎಲೆಯ ಬಣ್ಣ. ಇದನ್ನು ಜನ ಮರೆತುಬಿಡುತ್ತಾರೆ. ಹೂ ಬಂದು ಹೋಗುತ್ತದೆ, ಎಲೆ ಇರುತ್ತದೆ. ಕ್ರೋಟನ್‌ನ ಒಂದೇ ಗಿಡದಲ್ಲಿ ಹಳದಿ, ಕಿತ್ತಳೆ, ಕೆಂಪು, ಕಪ್ಪು ಹಸಿರು ಎಲ್ಲ ಸಿಗುತ್ತದೆ. ಬಿಸಿಲು ಜಾಸ್ತಿ ಬಿದ್ದಷ್ಟೂ ಬಣ್ಣ ಏರುತ್ತದೆ. ಕುಂಡದ ಅಂಚಿಗೆ ಜೋತು ಬೀಳಲು ನೇರಳೆ ಎಲೆಯ ಟ್ರಾಡೆಸ್ಕಾಂಶಿಯಾ ಹಾಕಿ. ಒಂದು ತುಂಡು ಮುರಿದು ಮಣ್ಣಿಗೆ ಚುಚ್ಚಿದರೆ ಸಾಕು. ನೆರಳಿದ್ದರೆ ಕೋಲಿಯಸ್.

ಡಿಸೆಂಬರ್‌ಗೆ ಅಂತ ಎರಡು: ಪಾಯಿನ್‌ಸೆಟಿಯಾ, ಕಲಾಂಚೊ. ಪಾಯಿನ್‌ಸೆಟಿಯಾದ ಕೆಂಪು ಹೂವಲ್ಲ, ತುದಿಯ ಎಲೆಗಳೇ ಕೆಂಪಾಗುವುದು. ಕಲಾಂಚೊಗೆ ದಪ್ಪ ಎಲೆ, ಕಡಿಮೆ ನೀರು ಸಾಕು. ಸಂಕ್ರಾಂತಿ ದಾಟಿದರೂ ಹೂ ನಿಲ್ಲುತ್ತದೆ.

ಕೊನೆಗೆ ಒಂದು ಕುಂಡ ಮರುಗ. ಬಣ್ಣ ಇಲ್ಲ, ನಿಜ. ಆದರೆ ಕನಕಾಂಬರದ ಜೊತೆ ಕಟ್ಟಲು ಏನು ಮಾಡುತ್ತೀರಿ?

ನರ್ಸರಿಯಲ್ಲಿ ಗಿಡ ಆರಿಸುವಾಗ ಏನು ನೋಡಬೇಕು?

ಹೂವು ನೋಡಬೇಡಿ. ಕಷ್ಟ, ಗೊತ್ತು. ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಿಗೆ ಹಬ್ಬದ ವಾರ ಹೋದರೆ ಅರಳಿದ ಸೇವಂತಿಗೆಯ ಕಂಬಳಿಯೇ ಹಾಸಿರುತ್ತದೆ. ಅರಳಿದ್ದು ಮನೆಗೆ ಬಂದ ಎರಡು ಮೂರು ವಾರಕ್ಕೆ ಮುಗಿಯಿತು. ಮೊಗ್ಗು ಜಾಸ್ತಿ, ಅರಳಿದ ಹೂ ಎರಡೋ ಮೂರೋ ಇರುವುದನ್ನು ಆರಿಸಿ. ಕೆಳಗಿನ ಎಲೆ ಹಸಿರಾಗಿರಬೇಕು. ಎಲೆ ಮಗುಚಿ ಹಿಂಬದಿ ನೋಡಿ. ಕುಡಿಯಲ್ಲಿ ಕಪ್ಪು ಹೇನು ಇದ್ದರೆ ಅಲ್ಲೇ ಬಿಟ್ಟು ಬನ್ನಿ. ಬುಡದಲ್ಲಿ ಒಂದಾದರೂ ಮರಿ ಎದ್ದಿದ್ದರೆ ಅದೇ ನಿಮ್ಮ ಗಿಡ.

ತಂದ ಮೇಲಿನ ಕೆಲಸ ಇನ್ನೂ ಮುಖ್ಯ. ಕಪ್ಪು ಕವರ್ ಹರಿದು ನೋಡಿದರೆ ಬೇರಿನ ಸುತ್ತ ಕೆಂಪು ಜೇಡಿಯ ಉಂಡೆ, ಇಟ್ಟಿಗೆಯಷ್ಟು ಗಟ್ಟಿ. ಅದನ್ನು ಹಾಗೇ ಒಳ್ಳೆ ಮಣ್ಣಿನ ನಡುವೆ ಇಟ್ಟರೆ ಹಾಕಿದ ನೀರೆಲ್ಲ ಸುತ್ತಲಿನ ಸಡಿಲ ಮಣ್ಣಿನಲ್ಲಿ ಇಳಿದು ಹೋಗುತ್ತದೆ, ಉಂಡೆ ಒಳಗೆ ಒಣಗಿಯೇ ಇರುತ್ತದೆ. "ದಿನಾ ನೀರು ಹಾಕಿದರೂ ಬಾಡ್ತು" ಅನ್ನುವವರ ಕತೆ ಬಹಳ ಸಲ ಇದೇ. ಉಂಡೆಯನ್ನು ಒಂದು ಬಕೆಟ್ ನೀರಿನಲ್ಲಿ ಕಾಲು ಗಂಟೆ ಮುಳುಗಿಸಿಡಿ. ಗುಳ್ಳೆ ಬರುವುದು ನಿಂತ ಮೇಲೆ ಎತ್ತಿ, ಹೊರಗಿನ ಜೇಡಿಯನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ. ಮೂರನೇ ಒಂದು ಭಾಗ ಉದುರಿದರೆ ಸಾಕು. ಪೂರ್ತಿ ತೊಳೆಯಲು ಹೋಗಬೇಡಿ, ಹೂ ಬಿಟ್ಟ ಗಿಡ ಅಷ್ಟು ತಡೆಯುವುದಿಲ್ಲ.

ಕುಂಡ ಎಷ್ಟು ದೊಡ್ಡದಿರಬೇಕು? ತಳಕ್ಕೆ ಜಲ್ಲಿ ಹಾಕಬೇಕಾ?

ಒಂದು ಸೇವಂತಿಗೆಗೆ 8 ಇಂಚಿನದು ಸಾಕು. ಕ್ರೋಟನ್, ಪಾಯಿನ್‌ಸೆಟಿಯಾಗೆ 12 ಇಂಚು. ಮಣ್ಣಿನ ಕುಂಡ ಮಳೆಗಾಲಕ್ಕೆ ಒಳ್ಳೆಯದು, ಮೈಯಿಂದಲೇ ನೀರು ಆರುತ್ತದೆ. ಆದರೆ 12 ಇಂಚಿನ ಮಣ್ಣಿನ ಕುಂಡ ನೆನೆದ ಮೇಲೆ 20 ಕೆ.ಜಿ. ದಾಟುತ್ತದೆ. ಹಳೇ ಮನೆಯ ತಾರಸಿಯಾದರೆ ನಡುವೆ ಗುಂಪು ಮಾಡದೆ ತೊಲೆ, ಗೋಡೆ ಇರುವ ಅಂಚಿನಲ್ಲಿ ಇಡಿ.

ಜಲ್ಲಿ ಬೇಡ. ಬಹಳ ಜನ ಇದನ್ನು ನಂಬುವುದಿಲ್ಲ, ನಾನೂ ವರ್ಷಗಟ್ಟಲೆ ಹಾಕಿದವನೇ. ಆಗುವುದೇನು ಅಂದರೆ, ನೀರು ಸಣ್ಣ ಕಣದ ಮಣ್ಣಿನಿಂದ ದಪ್ಪ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ, ಮಣ್ಣು ಪೂರ್ತಿ ನೆನೆಯುವ ತನಕ ಅಲ್ಲೇ ನಿಲ್ಲುತ್ತದೆ. ಜಲ್ಲಿ ಹಾಕಿದಷ್ಟೂ ಆ ಕೆಸರು ಬೇರಿಗೆ ಹತ್ತಿರವಾಗುತ್ತದೆ. ತೂತಿನ ಮೇಲೆ ಮಣ್ಣು ಜಾರದಂತೆ ಒಂದು ಹೆಂಚಿನ ಚೂರು ಇಟ್ಟರೆ ಸಾಕು. ಕುಂಡದ ಕೆಳಗೆ ಎರಡು ಇಟ್ಟಿಗೆ ಚೂರು ಕೊಟ್ಟು ನೆಲದಿಂದ ಎತ್ತಿ. ಚಿತ್ತಾ ಮಳೆಯಲ್ಲಿ ಅಡಿ ತಟ್ಟೆಗಳನ್ನು ತೆಗೆದುಬಿಡಿ, ಸೊಳ್ಳೆಗೂ ಜಾಗ ಇರುವುದಿಲ್ಲ.

ಮಣ್ಣು ಹೇಗೆ ಕಲಸುವುದು?

ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ, ಒಂದು ಪಾಲು ಕೋಕೋಪೀಟ್. ದೊಡ್ಡ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಕನಕಾಂಬರಕ್ಕೆ ಬೇವಿನ ಹಿಂಡಿ ತಪ್ಪಿಸಬೇಡಿ, ಅದರ ಬೇರಿಗೆ ಜಂತುಹುಳು ಕಾಟ ಜಾಸ್ತಿ. ಕಲಾಂಚೊಗೆ ಮಾತ್ರ ಗೊಬ್ಬರ ಕಡಿಮೆ ಮಾಡಿ ಮರಳು ಸೇರಿಸಿ. ಹಿಡಿಯಲ್ಲಿ ಹಿಸುಕಿ ಬಿಟ್ಟರೆ ಉಂಡೆ ತಾನಾಗಿ ಒಡೆಯಬೇಕು. ಒಡೆಯದಿದ್ದರೆ ಜೇಡಿ ಜಾಸ್ತಿಯಾಗಿದೆ.

ಎಲ್ಲ ಗಿಡ ಒಂದೇ ದೊಡ್ಡ ಕುಂಡದಲ್ಲಿ ಹಾಕಿದರೆ ಚೆಂದ ಅಲ್ವಾ?

ಫೋಟೋದಲ್ಲಿ ಚೆಂದ. ನಡುವೆ ಎತ್ತರದ್ದು, ಸುತ್ತ ಗುಂಪಾದದ್ದು, ಅಂಚಿನಿಂದ ಇಳಿಬಿದ್ದದ್ದು. ಹಾಗೆ ಮಾಡಲೇಬೇಕೆಂದಿದ್ದರೆ 14 ಇಂಚಿನ ಕುಂಡದ ನಡುವೆ ಕ್ರೋಟನ್, ಮುಂದೆ ಎರಡು ಹಳದಿ ಸೇವಂತಿಗೆ, ಅಂಚಿಗೆ ನೇರಳೆ ಎಲೆ ಹಾಕಿ. ಮೂರಕ್ಕೂ ಬಿಸಿಲು ಬೇಕು, ನೀರೂ ಹೆಚ್ಚುಕಮ್ಮಿ ಒಂದೇ. ಕೋಲಿಯಸ್ ಜೊತೆ ಕಲಾಂಚೊ ಹಾಕಬೇಡಿ, ಒಂದು ನೀರಿಗೆ ಬಾಯಿ ಬಿಡುತ್ತದೆ, ಇನ್ನೊಂದು ನೀರಿಗೇ ಕೊಳೆಯುತ್ತದೆ.

ನಾನು ಮಾಡುವುದು ಬೇರೆ. ಒಂದೊಂದು ಗಿಡಕ್ಕೂ ಒಂದೊಂದು ಕುಂಡ, ಆಮೇಲೆ ಕುಂಡಗಳನ್ನೇ ಗುಂಪಾಗಿ ಜೋಡಿಸುವುದು. ನಮ್ಮ ಮನೆಯ ಮೆಟ್ಟಿಲು ಬೊಂಬೆ ಕೂರಿಸುವ ಮೆಟ್ಟಿಲಿನ ಹಾಗೇ ಇದೆ. ಹಿಂದೆ ಕ್ರೋಟನ್, ಮುಂದೆ ಗಿಡ್ಡದ್ದು. ಸೇವಂತಿಗೆ ಮುಗಿದರೆ ಎತ್ತಿ ಹಿಂದಕ್ಕಿಟ್ಟು ಆ ಜಾಗಕ್ಕೆ ಕಲಾಂಚೊ ತರಬಹುದು. ಒಂದೇ ಕುಂಡದಲ್ಲಿ ನೆಟ್ಟರೆ ಮುಗಿದ ಗಿಡವನ್ನು ಕೀಳುವಾಗ ಪಕ್ಕದ್ದರ ಬೇರೂ ಹರಿಯುತ್ತದೆ.

ಹೋದ ವರ್ಷ ಉಳಿಸಿಕೊಂಡ ಸೇವಂತಿಗೆ ಈ ವರ್ಷ ಬರೀ ಎಲೆ ಬಿಟ್ಟಿದೆ. ಯಾಕೆ?

ಮೂರು ಕಾರಣ ಇರಬಹುದು. ಬಿಸಿಲು ಸಾಲದು: ದಿನಕ್ಕೆ ಕಡಿಮೆ ಅಂದರೂ ಐದಾರು ಗಂಟೆ ಬೇಕು. ಗೊಬ್ಬರ ಜಾಸ್ತಿ: ಆಗಸ್ಟ್ ಆದ ಮೇಲೂ ಯೂರಿಯಾ ಥರದ್ದು ಕೊಟ್ಟರೆ ಎಲೆಯೇ ಬರುತ್ತದೆ. ಮೂರನೆಯದನ್ನು ಕಂಡುಹಿಡಿಯಲು ನನಗೆ ಒಂದು ವರ್ಷ ಹಿಡಿಯಿತು.

ಒಂದೇ ತಾಯಿಗಿಡದಿಂದ ಮಾಡಿದ ಐದು ಕುಂಡ ನನ್ನಲ್ಲಿದ್ದವು. ಒಂದೇ ಮಣ್ಣು, ಒಂದೇ ನೀರು. ನೀರಿನ ಟ್ಯಾಂಕಿನ ಹಿಂದೆ ಇಟ್ಟಿದ್ದ ಎರಡು ಕುಂಡದಲ್ಲಿ ಅಕ್ಟೋಬರ್ ಕೊನೆಗೆ ಎಲೆ ಕಾಣದಷ್ಟು ಹೂ. ಮುಂದಿನ ಗೋಡೆ ಮೇಲಿದ್ದ ಮೂರರಲ್ಲಿ ಒಂದು ಮೊಗ್ಗೂ ಇಲ್ಲ. ಗೊಬ್ಬರ ಹಾಕಿದೆ, ಜಾಗ ಕೆದಕಿದೆ, ಬೈದೂ ನೋಡಿದೆ. ಒಂದು ರಾತ್ರಿ ಬಟ್ಟೆ ತರಲು ಮೇಲೆ ಹೋದಾಗ ಕಾಣಿಸಿತು: ಆ ಮೂರೂ ಕುಂಡದ ಮೇಲೆ ಹೊಸ ಎಲ್‌ಇಡಿ ಬೀದಿದೀಪದ ಬೆಳಕು ಪೇಪರ್ ಓದುವಷ್ಟು ಬೀಳುತ್ತಿತ್ತು.

ಸೇವಂತಿಗೆ ಮೊಗ್ಗು ಕಟ್ಟುವುದು ಉದ್ದನೆಯ ಕತ್ತಲೆ ಸಿಕ್ಕಿದಾಗ. ಬೆಂಗಳೂರಿನಲ್ಲಿ ಜೂನ್‌ನ ಅತಿ ಉದ್ದದ ಹಗಲಿಗೂ ಡಿಸೆಂಬರ್‌ನ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ, ಅಷ್ಟೇ. ಅಷ್ಟನ್ನೂ ಗಿಡ ಲೆಕ್ಕ ಇಡುತ್ತದೆ. ರಾತ್ರಿ ದೀಪ ಬಿದ್ದರೆ ಲೆಕ್ಕ ತಪ್ಪುತ್ತದೆ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ರಾತ್ರಿ ಹೊಲದಲ್ಲಿ ಸಾಲು ಸಾಲು ಬಲ್ಬ್ ಉರಿಯುವುದನ್ನು ನೋಡಿರುತ್ತೀರಿ. ರೈತರು ಬೇಕೆಂದೇ ದೀಪ ಹಾಕಿ ಹೂವನ್ನು ಮುಂದಕ್ಕೆ ತಳ್ಳಿ, ಒಳ್ಳೆ ದರ ಇರುವ ದಿನಕ್ಕೆ ಕೂಡಿಸುತ್ತಾರೆ. ಅವರು ಗೊತ್ತಿದ್ದು ಮಾಡುವುದನ್ನು ನನ್ನ ಬೀದಿದೀಪ ಸುಮ್ನೆ ಮಾಡುತ್ತಿತ್ತು. ಕುಂಡಗಳನ್ನು ಟ್ಯಾಂಕಿನ ಹಿಂದಕ್ಕೆ ಸರಿಸಿದೆ. ಡಿಸೆಂಬರ್‌ಗೆ ಅರಳಿದವು.

ಪಾಯಿನ್‌ಸೆಟಿಯಾ, ಕಲಾಂಚೊಗೂ ಇದೇ ಮಾತು. ಬಾಲ್ಕನಿ ಲೈಟನ್ನು ರಾತ್ರಿ ಪೂರ್ತಿ ಉರಿಸುವ ಮನೆಗಳಲ್ಲಿ ಪಾಯಿನ್‌ಸೆಟಿಯಾ ವರ್ಷವಿಡೀ ಹಸಿರಾಗೇ ಇರುತ್ತದೆ.

ಸರಿಯಾಗಿ ದಸರೆ ದಿನಕ್ಕೇ ಹೂ ಬರುವ ಹಾಗೆ ಮಾಡಬಹುದಾ?

ಮನೆಯಲ್ಲಿ ಕಷ್ಟ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ ಬಂತು, 2025ರಲ್ಲಿ ಅಕ್ಟೋಬರ್ 2ಕ್ಕೇ ಬಂತು. ಹಬ್ಬ ಚಂದ್ರನ ಲೆಕ್ಕ, ಗಿಡ ಸೂರ್ಯನ ಲೆಕ್ಕ. ಹಬ್ಬ ಬೇಗ ಬಂದ ವರ್ಷ ಪೂಜೆಗೆ ಮಾರ್ಕೆಟ್ ಹೂ, ಮನೆ ಹೂ ದೀಪಾವಳಿಗೆ ಅಂದುಕೊಂಡರೆ ಬೇಜಾರಿರುವುದಿಲ್ಲ.

ಮಳೆ ಬರುವಾಗ ನೀರು ಹಾಕಬೇಕಾ?

ಬೆರಳು ಹಾಕಿ ನೋಡಿ. ಎರಡನೇ ಗೆಣ್ಣಿನವರೆಗೆ ಒಣಗಿದ್ದರೆ ಹಾಕಿ, ಇಲ್ಲದಿದ್ದರೆ ಬೇಡ. ತುಂತುರು ಮಳೆಯನ್ನು ನಂಬಬೇಡಿ. ಸೊಂಪಾದ ಗಿಡದ ಎಲೆಗಳೇ ಕೊಡೆಯಾಗಿ ನೀರು ಹೊರಗೆ ಬಿದ್ದಿರುತ್ತದೆ. ಬುಡಕ್ಕೆ ಹಾಕಿ, ಬೆಳಿಗ್ಗೆ ಹಾಕಿ. ಸಂಜೆ ಹೂವಿನ ಮೇಲೆ ನೀರು ಸುರಿದರೆ ಸೇವಂತಿಗೆ ಕೊಳೆಯುತ್ತದೆ, ಎಲೆಗೆ ಕಪ್ಪು ಚುಕ್ಕೆ ಬೀಳುತ್ತದೆ. ಚುಕ್ಕೆ ಬಿದ್ದ ಕೆಳಗಿನ ಎಲೆ ಕಿತ್ತು ಹೊರಗೆ ಹಾಕಿ, ಕುಂಡದಲ್ಲೇ ಉದುರಿಸಬೇಡಿ.

ಹೇನು, ಬಿಳಿ ಹಿಟ್ಟು ಬಂದರೆ?

ಹೇನಿಗೆ ಮೊದಲು ನೀರಿನ ಪೈಪ್ ಹಿಡಿಯಿರಿ, ಜೋರಾಗಿ. ಎರಡು ದಿನ ಬಿಟ್ಟು ಮತ್ತೆ. ಹೋಗದಿದ್ದರೆ ಒಂದು ಲೀಟರ್ ನೀರಿಗೆ 5 ಎಂ.ಎಲ್. ಬೇವಿನ ಎಣ್ಣೆ, ನಾಲ್ಕು ತೊಟ್ಟು ಸೋಪಿನ ದ್ರಾವಣ, ಸಂಜೆ ಹೊತ್ತು. ಕ್ರೋಟನ್, ಕೋಲಿಯಸ್ ಕಂಕುಳಲ್ಲಿ ಬರುವ ಹಿಟ್ಟು ತಿಗಣೆಗೆ ಹಳೇ ಬ್ರಷ್‌ನಿಂದ ಉಜ್ಜುವುದಕ್ಕಿಂತ ಒಳ್ಳೆ ಔಷಧಿ ನಾನು ಕಂಡಿಲ್ಲ. ಇರುವೆ ಸಾಲು ಹತ್ತುತ್ತಿದ್ದರೆ ಮೇಲೆ ಏನೋ ಇದೆ ಅಂತಲೇ ಅರ್ಥ.

ಹೂ ಮುಗಿಯಿತು. ಈಗ?

ಕಸದ ಗಾಡಿಗೆ ಕೊಡಬೇಡಿ. ಸಂಕ್ರಾಂತಿ ಆದ ಮೇಲೆ ಸೇವಂತಿಗೆಯನ್ನು ಮಣ್ಣಿನಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ. ಬೋಳಾಗಿ ಕಾಣುತ್ತದೆ, ಹೆದರಬೇಡಿ. ಒಂದು ಹಿಡಿ ಎರೆಹುಳು ಗೊಬ್ಬರ ಕೊಡಿ. ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲು ತಪ್ಪುವ ಕಡೆ ಇಡಿ. ಮಾರ್ಚ್, ಏಪ್ರಿಲ್‌ನಲ್ಲಿ ಅದನ್ನು ಜೀವಂತ ಇಟ್ಟರೆ ಅದೇ ದೊಡ್ಡ ಸಾಧನೆ.

ಮೇ ಕೊನೆಯಲ್ಲಿ ಒಂದೆರಡು ಮಳೆ ಬಿದ್ದ ಮೇಲೆ ಬುಡದ ಮರಿಗಳನ್ನು ಬೇರಿನ ಸಮೇತ ಬಿಡಿಸಿ ಬೇರೆ ಬೇರೆ ನೆಡಿ. ಒಂದು ಗಿಡದಿಂದ ನಾಲ್ಕೈದು ಆಗುವುದು ಇಲ್ಲೇ. ನೆಟ್ಟು ಒಂದು ತಿಂಗಳಿಗೆ ಕುಡಿ ಚಿವುಟಿ. ಎರಡು ಎಲೆ ಸಮೇತ, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಚಿವುಟಿದರೆ ಸಾಕು. ಒಂದು ಕುಡಿ ಹೋದ ಕಡೆ ಮೂರು ಬರುತ್ತವೆ. ಮತ್ತೆ ಮೂರು ನಾಲ್ಕು ವಾರಕ್ಕೆ ಇನ್ನೊಂದು ಸಲ. ಆಗಸ್ಟ್ 15 ನನ್ನ ಗಡುವು. ಆಮೇಲೆ ಚಿವುಟಿದರೆ ಮೊಗ್ಗನ್ನೇ ಚಿವುಟಿದ ಹಾಗೆ. ನಂತರ ಯೂರಿಯಾ ನಿಲ್ಲಿಸಿ, ಬೇಕಿದ್ದರೆ ನೆನೆಸಿದ ಕಡಲೆಕಾಯಿ ಹಿಂಡಿಯ ತಿಳಿ ನೀರನ್ನು ಒಂದು ಸಲ ಕೊಟ್ಟು ಸುಮ್ಮನಾಗಿ.

ಕನಕಾಂಬರದ ಒಣಗಿದ ತೆನೆಗಳನ್ನು ಆಗಾಗ ತೆಗೆಯಿರಿ. ಸ್ಫಟಿಕ, ಪಾಯಿನ್‌ಸೆಟಿಯಾವನ್ನು ಫೆಬ್ರವರಿಯಲ್ಲಿ ಅರ್ಧಕ್ಕೆ ಕತ್ತರಿಸಿ. ಕ್ರೋಟನ್‌ಗೆ ಏನೂ ಮಾಡಬೇಕಿಲ್ಲ.

ಅಪಾರ್ಟ್‌ಮೆಂಟ್ ಬಾಲ್ಕನಿ, ಬಿಸಿಲೇ ಇಲ್ಲ.

ಹಾಗಾದರೆ ಸೇವಂತಿಗೆ ಆಸೆ ಬಿಡಿ. ಮೊಗ್ಗಿರುವ ಗಿಡ ತಂದು ಒಂದು ತಿಂಗಳು ನೋಡಿ, ಬಿಸಿಲಿರುವ ನೆಂಟರ ಮನೆಗೆ ಕೊಟ್ಟುಬಿಡಿ. ನಿಮಗೆ ಕೋಲಿಯಸ್ ಇದೆ. ಹೂವಿನ ತೆನೆ ಬಂದ ಕೂಡಲೇ ಮುರಿಯುತ್ತಿದ್ದರೆ ಎಲೆ ಬಣ್ಣ ಕೆಡುವುದಿಲ್ಲ. ಬಿಗೋನಿಯಾ ಕೂಡ ಆಗುತ್ತದೆ.

ಮನೆಯಲ್ಲಿ ಬೆಕ್ಕು, ನಾಯಿ ಇದೆ. ಪರವಾಗಿಲ್ವಾ?

ಕಲಾಂಚೊ ಕೈಗೆಟಕದ ಕಡೆ ಇಡಿ, ತಿಂದರೆ ನಾಯಿ, ಬೆಕ್ಕುಗಳ ಹೃದಯಕ್ಕೆ ತೊಂದರೆ. ಸೇವಂತಿಗೆ ಗಿಡವೂ ಅವಕ್ಕೆ ಆಗುವುದಿಲ್ಲ, ವಾಂತಿ ಮಾಡಿಕೊಳ್ಳುತ್ತವೆ. ಕ್ರೋಟನ್, ಪಾಯಿನ್‌ಸೆಟಿಯಾದ ಹಾಲು ಚರ್ಮಕ್ಕೆ ತಾಗಿದರೆ ತುರಿಕೆ ಬರಬಹುದು. ಕತ್ತರಿಸುವಾಗ ಗ್ಲೌಸ್ ಹಾಕಿ, ಆ ಕೈಯಲ್ಲಿ ಕಣ್ಣು ಉಜ್ಜಬೇಡಿ.

ನಮ್ಮದು ಮಂಗಳೂರು / ಸಾಗರ. ಇದೆಲ್ಲ ನಡೆಯುತ್ತಾ?

ಕರಾವಳಿಯ ಸೆಕೆ, ತೇವಕ್ಕೆ ಸೇವಂತಿಗೆ ಅಷ್ಟಾಗಿ ಒಗ್ಗುವುದಿಲ್ಲ. ನಿಮ್ಮ ಅಬ್ಬಲಿಗೆಯೇ ನಮ್ಮ ಕನಕಾಂಬರ, ಅದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಕ್ರೋಟನ್ ಅಲ್ಲಿ ನಮ್ಮಲ್ಲಿಗಿಂತ ಚೆನ್ನಾಗಿ ಬರುತ್ತದೆ. ಮಲೆನಾಡಿನವರಿಗೆ ಡೇರೆ ಹೂ ಇದೆ. ಮಳೆಯಲ್ಲೇ ಅರಳುತ್ತದೆ, ಗಿಡ ಒಣಗಿದ ಮೇಲೆ ಗೆಡ್ಡೆ ಎತ್ತಿಟ್ಟರೆ ಮುಂದಿನ ವರ್ಷಕ್ಕೆ ಮತ್ತೆ ಅದೇ ಬಣ್ಣ.

ನಾವು ಅಮೆರಿಕದಲ್ಲಿದ್ದೇವೆ. ಸೆಪ್ಟೆಂಬರ್‌ನಲ್ಲಿ ಅಂಗಡಿ ಮುಂದೆ ಸೇವಂತಿಗೆ ಗುಡ್ಡೆ ಹಾಕಿರುತ್ತಾರೆ. ಉಳಿಸಬಹುದಾ?

ಅಲ್ಲಿನ ಲೆಕ್ಕವೇ ಬೇರೆ. ಹಿಮ ಬೀಳುವ ಊರಿನಲ್ಲಿ ನೆಲದಲ್ಲಿ ಬದುಕುವ ಗಿಡದ ಬೇರೂ ಕುಂಡದಲ್ಲಿ ಹೆಪ್ಪುಗಟ್ಟಿ ಸಾಯುತ್ತದೆ, ಸುತ್ತ ಮಣ್ಣಿನ ರಕ್ಷಣೆ ಇಲ್ಲವಲ್ಲ. ನಿಮ್ಮ ಹವಾಮಾನ ವಲಯಕ್ಕಿಂತ ಎರಡು ವಲಯ ಹೆಚ್ಚು ಚಳಿ ತಡೆಯುವ ಗಿಡ ಆರಿಸಿ ಅನ್ನುವುದು ಅಲ್ಲಿನ ತೋಟದವರ ಲೆಕ್ಕ. ಹ್ಯೂಕೆರಾ, ಸೀಡಮ್ ಅಂಥವು. ಸೇವಂತಿಗೆಯನ್ನು ಬಿಸಿ ಇಲ್ಲದ ಗ್ಯಾರೇಜಿನಲ್ಲಿಟ್ಟು ತಿಂಗಳಿಗೊಮ್ಮೆ ಒಂದಿಷ್ಟು ನೀರು ಕೊಟ್ಟರೆ ಕೆಲವು ಉಳಿಯುತ್ತವೆ. ಮಣ್ಣಿನ ಕುಂಡವನ್ನು ಹೊರಗೆ ಬಿಡಬೇಡಿ, ಒಡೆದು ಹೋಳಾಗುತ್ತದೆ.

ಒಂದು ಸೇವಂತಿಗೆ ಎಷ್ಟು ವರ್ಷ ಬರುತ್ತದೆ?

ತಾಯಿಗಿಡ ಎರಡು ಮೂರು ವರ್ಷಕ್ಕೆ ಬೊಡ್ಡೆ ಕಟ್ಟಿ ಹೂ ಸಣ್ಣದಾಗುತ್ತದೆ. ಅದನ್ನು ಬಿಟ್ಟು ಮರಿ ತೆಗೆದು ನೆಡುತ್ತಾ ಹೋದರೆ ಲೆಕ್ಕವಿಲ್ಲ. ನನ್ನ ಟ್ಯಾಂಕಿನ ಹಿಂದಿನ ಹಳದಿ ಸೇವಂತಿಗೆ ಕಸದ ಪಕ್ಕದಿಂದ ಬಂದು ಈಗ ಏಳನೇ ವರ್ಷ. ಮೂಲದ ಗಿಡ ಯಾವಾಗಲೋ ಹೋಯಿತು, ಅದರ ಪ್ಲಾಸ್ಟಿಕ್ ಕುಂಡದಲ್ಲಿ ಈಗ ಮರುಗ ಇದೆ.